ಮದುವೆಗೆ ಸರ್ಕಾರದ ಅಪ್ಪಣೆ

'ಹೆಣ್ಣು ಸಂಸಾರದ ಕಣ್ಣು' ಎಂಬ ನುಡಿಯನ್ನು ಕೇಳದ ಕನ್ನಡಿಗರಿಲ್ಲ. ಹೊಗಳಿಕೆಯಂತೆ ತೋರುವ ಈ ಮಾತಿನೊಳಗೆ ಒಂದು ಕಟ್ಟುಪಾಡೂ ಅಡಗಿದೆ. ಕಣ್ಣು ಸಂಸಾರದ್ದೇ ಆದ ಮೇಲೆ ಅದು ಹೊಸಿಲಿನಾಚೆಗೆ ನೋಡುವುದೇಕೆ ಎಂಬ ಪ್ರಶ್ನೆ ಅದರ ಬೆನ್ನಿಗೇ ಏಳುತ್ತದೆ. ಮನೆಯ ಹಿರಿಯರು ಮೆಲುದನಿಯಲ್ಲಿ ಕೇಳುತ್ತಿದ್ದ ಈ ಪ್ರಶ್ನೆಯನ್ನು ಒಂದು ಕಾಲದಲ್ಲಿ ಸರ್ಕಾರವೇ ನಿಯಮವಾಗಿ ಅಚ್ಚು ಹಾಕಿಸಿತ್ತು. ಆ ನಿಯಮವನ್ನು ದೇಶದ ಸರ್ವೋಚ್ಚ ನ್ಯಾಯಾಲಯದ ಮುಂದೆ ತಂದು ನಿಲ್ಲಿಸಿದವರು ಕೊಡಗಿನ ಒಬ್ಬ ಹೆಣ್ಣುಮಗಳು.

ವಿರಾಜಪೇಟೆಯ ಹುಡುಗಿ

ಸಿ. ಬಿ. ಮುತ್ತಮ್ಮನವರು ಹುಟ್ಟಿದ್ದು 1924ರಲ್ಲಿ, ವಿರಾಜಪೇಟೆಯಲ್ಲಿ. ತಂದೆ ಅರಣ್ಯ ಇಲಾಖೆಯ ಅಧಿಕಾರಿ. ಮಗಳಿಗೆ ಒಂಬತ್ತು ವರ್ಷವಾಗಿದ್ದಾಗ ಅವರು ತೀರಿಕೊಂಡರು. ನಾಲ್ವರು ಮಕ್ಕಳ ವಿದ್ಯಾಭ್ಯಾಸದ ಹೊಣೆ ತಾಯಿಯ ಹೆಗಲಿಗೆ ಬಿತ್ತು. ಆ ತಾಯಿ ಅದನ್ನು ಹೊತ್ತು ನಡೆದರು. ಮಡಿಕೇರಿಯಲ್ಲಿ ಶಾಲೆ, ಮದರಾಸಿನಲ್ಲಿ ಕಾಲೇಜು, ಇಂಗ್ಲಿಷ್ ಸಾಹಿತ್ಯದಲ್ಲಿ ಎಂ.ಎ. ಪದವಿ, ಹೀಗೆ ಸಾಗಿತು ಮುತ್ತಮ್ಮನವರ ಓದು.

1948ರಲ್ಲಿ ಅವರು ಲೋಕಸೇವಾ ಆಯೋಗದ ಪರೀಕ್ಷೆಯಲ್ಲಿ ತೇರ್ಗಡೆಯಾದರು. ಆರಿಸಿಕೊಂಡದ್ದು ವಿದೇಶಾಂಗ ಸೇವೆಯನ್ನು. ಇದು ಹೆಂಗಸರಿಗೆ ತಕ್ಕುದಲ್ಲವೆಂದು ಸಂದರ್ಶನ ಮಂಡಳಿಯವರು ಅವರ ಮನಸ್ಸನ್ನು ತಿರುಗಿಸಲು ಯತ್ನಿಸಿದರು. ಮುತ್ತಮ್ಮನವರು ಹಿಡಿದ ಪಟ್ಟನ್ನು ಬಿಡಲಿಲ್ಲ. 1949ರಲ್ಲಿ, ಭಾರತೀಯ ವಿದೇಶಾಂಗ ಸೇವೆಗೆ ಪರೀಕ್ಷೆಯ ಮೂಲಕ ಬಂದ ಮೊಟ್ಟಮೊದಲ ಮಹಿಳೆಯೆನಿಸಿದರು. ಆದರೆ ಒಳಗೆ ಕಾಲಿಡುವ ಮುನ್ನ ಅವರು ಒಂದು ಮುಚ್ಚಳಿಕೆ ಬರೆದುಕೊಡಬೇಕಾಯಿತು. ಮದುವೆಯಾದರೆ ಕೆಲಸಕ್ಕೆ ರಾಜೀನಾಮೆ ಕೊಡುವೆನೆಂಬುದೇ ಆ ಮುಚ್ಚಳಿಕೆ.

ನಿಯಮ ಹೇಳಿದ್ದೇನು?

1961ರ ಸೇವಾ ನಿಯಮಗಳು ಈ ಷರತ್ತನ್ನು ಇನ್ನಷ್ಟು ವಿವರವಾಗಿ ಹೇಳಿದವು. ಸೇವೆಯಲ್ಲಿರುವ ಸ್ತ್ರೀ ಮದುವೆಯಾಗಬೇಕಾದರೆ ಮುಂಚಿತವಾಗಿ ಸರ್ಕಾರದ ಲಿಖಿತ ಅಪ್ಪಣೆ ಪಡೆಯಬೇಕು. ಮದುವೆಯಾದ ಮೇಲೆ ಮನೆವಾರ್ತೆಯ ಹೊಣೆಗಳು ಕರ್ತವ್ಯಕ್ಕೆ ಅಡ್ಡಿಯಾದಾವೆಂದು ಸರ್ಕಾರಕ್ಕೆ ತೋರಿದರೆ ರಾಜೀನಾಮೆ ಕೇಳಬಹುದು. ವಿವಾಹಿತ ಸ್ತ್ರೀಗೆ ಈ ಸೇವೆಗೆ ನೇಮಕವಾಗುವ ಹಕ್ಕೇ ಇಲ್ಲವೆಂದು ಇನ್ನೊಂದು ನಿಯಮ ಸಾರಿತು.

ಇದೇ ಸೇವೆಯ ಪುರುಷನಿಗೆ ಇಂತಹ ಕಟ್ಟಳೆ ಯಾವುದೂ ಇರಲಿಲ್ಲ. ಅವನ ಮದುವೆಯಾದರೆ ಅದು ಸೇವೆಗೇ ಲಾಭ. ಔತಣಗಳನ್ನು ನೋಡಿಕೊಳ್ಳಲು, ಅತಿಥಿಗಳನ್ನು ಉಪಚರಿಸಲು, ಊರಿಂದೂರಿಗೆ ಸಂಸಾರವನ್ನು ಹೊತ್ತೊಯ್ಯಲು ಸಂಬಳವಿಲ್ಲದ ಒಂದು ಜೀವ ಜೊತೆಗೆ ಬಂದಂತಾಗುತ್ತಿತ್ತು. ಒಂದೇ ಮಾಂಗಲ್ಯಧಾರಣೆ ಗಂಡಿಗೆ ಬಲವಾಗಿಯೂ ಹೆಣ್ಣಿಗೆ ಅಡಚಣೆಯಾಗಿಯೂ ಕಂಡಿತು. ಮನೆಗೆಲಸ ಹೆಂಗಸಿನದು ಎಂಬ ನಂಬಿಕೆಯೊಂದರ ಮೇಲೆಯೇ ಈ ಕಟ್ಟಡವೆಲ್ಲ ನಿಂತಿತ್ತು.

ಮುತ್ತಮ್ಮನವರು 1970ರಲ್ಲಿ ಹಂಗೆರಿಯ ರಾಯಭಾರಿಯಾದರು. ವಿಜಯಲಕ್ಷ್ಮಿ ಪಂಡಿತರು ಅದಕ್ಕೆ ಮುನ್ನವೇ ರಾಯಭಾರಿಯಾಗಿದ್ದರೂ, ಸೇವೆಯೊಳಗಿನಿಂದಲೇ ಬೆಳೆದು ಆ ಪದವಿಗೇರಿದ ಸ್ತ್ರೀಯರಲ್ಲಿ ಇವರೇ ಮೊದಲಿಗರು. ಇಷ್ಟಾದರೂ ಮುಂದಿನ ದರ್ಜೆಯ ಬಡ್ತಿ ಬಂದಾಗ ಅವರನ್ನು ಬದಿಗಿರಿಸಿ ಕಿರಿಯರನ್ನು ಮುಂದೆ ತರಲಾಯಿತು. ಮುತ್ತಮ್ಮನವರು ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲೇರಿದರು.

ನ್ಯಾಯಮೂರ್ತಿಗಳ ಮರುಪ್ರಶ್ನೆ

1979ರ ಸೆಪ್ಟೆಂಬರಿನಲ್ಲಿ ನ್ಯಾಯಮೂರ್ತಿ ವಿ. ಆರ್. ಕೃಷ್ಣ ಅಯ್ಯರ್ ಅವರು ನೀಡಿದ ತೀರ್ಪಿನ ತಿರುಳು ಒಂದು ಸರಳ ಪ್ರಶ್ನೆ. ಸಂಸಾರದ ಹೊಣೆ ಸ್ತ್ರೀಯ ಕರ್ತವ್ಯಕ್ಕೆ ಅಡ್ಡಿಯಾಗಬಹುದಾದರೆ, ಪುರುಷನ ಕರ್ತವ್ಯಕ್ಕೆ ಏಕೆ ಅಡ್ಡಿಯಾಗಬಾರದು? ಅವನಿಗೂ ಹೆಂಡತಿ ಮಕ್ಕಳಿಲ್ಲವೆ? ಎಲ್ಲ ವೃತ್ತಿಗಳಲ್ಲಿಯೂ, ಎಲ್ಲ ಸಂದರ್ಭಗಳಲ್ಲಿಯೂ ಹೆಣ್ಣು ಗಂಡು ಒಂದೇ ಎಂದು ತಾವು ಸಾರುತ್ತಿಲ್ಲವೆಂದು ನ್ಯಾಯಾಲಯ ಎಚ್ಚರಿಕೆಯಿಂದಲೇ ಹೇಳಿತು. ಆದರೆ ಭೇದ ಮಾಡುವವರು ಅದಕ್ಕೆ ತಕ್ಕ ಕಾರಣ ತೋರಿಸಬೇಕು. ಇಲ್ಲಿ ಅಂತಹ ಕಾರಣವೇ ಕಾಣದು ಎಂದಿತು.

ಪ್ರಕರಣ ವಿಚಾರಣೆಗೆ ಬರುವ ಹೊತ್ತಿಗೆ ಸರ್ಕಾರ ಮುತ್ತಮ್ಮನವರಿಗೆ ಬಡ್ತಿ ಕೊಟ್ಟಿತ್ತು. ಒಂದು ನಿಯಮವನ್ನು ತೆಗೆದುಹಾಕಿದ್ದಾಗಿಯೂ ಮತ್ತೊಂದನ್ನು ತೆಗೆಯುತ್ತಿರುವುದಾಗಿಯೂ ತಿಳಿಸಿತು. ಆದುದರಿಂದ ಅರ್ಜಿಯನ್ನು ವಜಾ ಮಾಡಲಾಯಿತು. ಆದರೂ, ಅರ್ಜಿ ಮುಗಿದರೂ ಸಮಸ್ಯೆ ಮುಗಿಯಲಿಲ್ಲವೆಂಬ ಮಾತನ್ನು ನ್ಯಾಯಾಲಯ ಸೇರಿಸಿತು. ಮುತ್ತಮ್ಮನವರ ಹಿರಿತನವನ್ನು ಪುನಃ ಪರಿಶೀಲಿಸಬೇಕೆಂದು ಸೂಚಿಸಿತು.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಮುತ್ತಮ್ಮನವರು ಮದುವೆಯಾಗಲಿಲ್ಲ. ಆಗ ಅವರ ವಯಸ್ಸು 55. ಮದುವೆಯ ನಿಯಮ ಹೋದುದರಿಂದ ಅವರಿಗೆ ಆಗಬೇಕಾದುದೇನೂ ಇರಲಿಲ್ಲ. ಅದರ ಫಲ ದೊರೆತದ್ದು ಅವರ ನಂತರ ಬಂದ ಹೆಣ್ಣುಮಕ್ಕಳಿಗೆ. 2009ರಲ್ಲಿ ಅವರು ಬೆಂಗಳೂರಿನಲ್ಲಿ ತೀರಿಕೊಂಡರು.

ಮುಗಿಯದ ಕಥೆ

ಸಮಸ್ಯೆ ಒಂದೇ ಇಲಾಖೆಯದಾಗಿರಲಿಲ್ಲ. 1974ರಲ್ಲಿ ಬೆಂಗಳೂರಿನ ಟಾಟಾ ವಿಜ್ಞಾನ ಮಂದಿರದಲ್ಲಿ ಓದುತ್ತಿದ್ದ ಹುಬ್ಬಳ್ಳಿಯ ಸುಧಾ ಕುಲಕರ್ಣಿಯವರು ಟೆಲ್ಕೋ ಕಾರ್ಖಾನೆಯ ಜಾಹೀರಾತೊಂದನ್ನು ಕಂಡರು. ಸ್ತ್ರೀಯರು ಅರ್ಜಿ ಹಾಕಬೇಕಿಲ್ಲವೆಂದು ಅದರಲ್ಲಿತ್ತು. ಅವರು ಜೆ. ಆರ್. ಡಿ. ಟಾಟಾ ಅವರಿಗೆ ಒಂದು ಅಂಚೆ ಕಾರ್ಡು ಬರೆದು ಹಾಕಿದರು. ಪುಣೆಯಿಂದ ಸಂದರ್ಶನಕ್ಕೆ ಕರೆ ಬಂದಿತು, ಕೆಲಸವೂ ದೊರೆಯಿತು. ಮುಂದೆ ಸುಧಾ ಮೂರ್ತಿಯೆಂದು ಕನ್ನಡಿಗರ ಮನೆಮಾತಾದವರು ಅವರೇ.

ಎಲ್ಲ ಗೆಲುವುಗಳೂ ಅಷ್ಟು ಸುಲಭವಾಗಿ ಬರಲಿಲ್ಲ. ಏರ್ ಇಂಡಿಯಾದ ಗಗನಸಖಿಯರು ಕೆಲಸಕ್ಕೆ ಸೇರಿದ ನಾಲ್ಕು ವರ್ಷದೊಳಗೆ ಮದುವೆಯಾದರೆ, ಅಥವಾ ಮೊದಲ ಬಾರಿ ಗರ್ಭಿಣಿಯಾದರೆ ಕೆಲಸ ಕಳೆದುಕೊಳ್ಳಬೇಕಿತ್ತು. 1981ರಲ್ಲಿ ಸರ್ವೋಚ್ಚ ನ್ಯಾಯಾಲಯ ಗರ್ಭಧಾರಣೆಯ ಷರತ್ತನ್ನು ತಳ್ಳಿಹಾಕಿತು. ಆದರೆ ಮದುವೆಯ ಷರತ್ತನ್ನು ಎತ್ತಿಹಿಡಿಯಿತು. ಮುತ್ತಮ್ಮನವರ ತೀರ್ಪು ಬಂದು ಆಗ ಎರಡೇ ವರ್ಷವಾಗಿತ್ತು.

ಸೈನ್ಯದ ಶುಶ್ರೂಷಾ ಸೇವೆಯಲ್ಲಿದ್ದ ಅಧಿಕಾರಿಣಿಯೊಬ್ಬರು ಮದುವೆಯಾದರೆಂಬ ಕಾರಣಕ್ಕೆ 1988ರಲ್ಲಿ ಸೇವೆಯಿಂದ ಬಿಡುಗಡೆಯಾದರು. ಅದು ಅನ್ಯಾಯವೆಂದು ಸರ್ವೋಚ್ಚ ನ್ಯಾಯಾಲಯ ಸಾರಿ 60 ಲಕ್ಷ ರೂಪಾಯಿ ಪರಿಹಾರ ಕೊಡಿಸಿದ್ದು 2024ರ ಫೆಬ್ರವರಿಯಲ್ಲಿ. ನಡುವೆ ಕಳೆದದ್ದು 36 ವರ್ಷ! ಸೈನ್ಯದ ಸ್ತ್ರೀ ಅಧಿಕಾರಿಗಳಿಗೆ ಶಾಶ್ವತ ಹುದ್ದೆ ಕೊಡುವ ಪ್ರಶ್ನೆ 2020ರಲ್ಲಿ ಎದ್ದಾಗಲೂ ಸಂಸಾರದ ಹೊಣೆಯೆಂಬ ಹಳೆಯ ವಾದ ಮತ್ತೆ ಕೇಳಿಬಂದಿತ್ತು. ನ್ಯಾಯಾಲಯ ಅದನ್ನು ಒಪ್ಪಲಿಲ್ಲ.

2023ರ ಆಗಸ್ಟಿನಲ್ಲಿ ಸರ್ವೋಚ್ಚ ನ್ಯಾಯಾಲಯ ನ್ಯಾಯಾಧೀಶರಿಗೂ ವಕೀಲರಿಗೂ ಒಂದು ಕೈಪಿಡಿಯನ್ನೇ ಹೊರತಂದಿತು. ತೀರ್ಪುಗಳಲ್ಲಿ ನುಸುಳುವ ಪೂರ್ವಾಗ್ರಹದ ಮಾತುಗಳನ್ನು ಅದು ಪಟ್ಟಿ ಮಾಡಿದೆ. 'ಕರ್ತವ್ಯನಿಷ್ಠ ಪತ್ನಿ' ಎನ್ನಬೇಕಿಲ್ಲ, 'ಪತ್ನಿ' ಎಂದರೆ ಸಾಕು ಎಂಬುದು ಅದರ ಸಲಹೆಗಳಲ್ಲೊಂದು. ಗುಣವಾಚಕ ಸೇರಿಸಿದೊಡನೆ ಒಬ್ಬಳನ್ನು ಅಳೆಯುವ ಕೋಲೂ ಕೈಗೆ ಬರುತ್ತದಲ್ಲವೆ?

ನಮ್ಮ ಮನೆಗಳ ನಿಯಮಾವಳಿ

ಸರ್ಕಾರದ ನಿಯಮವನ್ನು ಅಳಿಸಬಹುದು. ಬರೆಯದ ನಿಯಮವನ್ನು ಅಳಿಸುವುದು ಕಷ್ಟ. 2019ರಲ್ಲಿ ಭಾರತ ಸರ್ಕಾರ ನಡೆಸಿದ ಸಮಯ ಬಳಕೆಯ ಸಮೀಕ್ಷೆಯ ಅಂಕಿಗಳನ್ನು ನೋಡಿ. ಆರು ವರ್ಷ ಮೀರಿದ ಸ್ತ್ರೀಯರಲ್ಲಿ ಶೇಕಡ 81ರಷ್ಟು ಮಂದಿ ಒಂದು ದಿನದಲ್ಲಿ ಸಂಬಳವಿಲ್ಲದ ಮನೆಗೆಲಸ ಮಾಡಿದ್ದರು; ಪುರುಷರಲ್ಲಿ ಶೇಕಡ 26ರಷ್ಟು ಮಾತ್ರ. ಹಾಗೆ ಕೆಲಸಕ್ಕೆ ಕೈಹಾಕಿದವರಲ್ಲಿಯೂ ಸ್ತ್ರೀಯರು ವ್ಯಯಿಸಿದ ಕಾಲ ದಿನಕ್ಕೆ 299 ನಿಮಿಷ, ಪುರುಷರು 97 ನಿಮಿಷ.

ಈ ಅಂತರ ಒಂದೇ ದಿನದಲ್ಲಿ ಹುಟ್ಟಿದ್ದಲ್ಲ. ನೆಂಟರು ಬಂದಾಗ ಕಾಫಿಯ ಲೋಟಗಳನ್ನು ಎತ್ತಲು ಮಗಳನ್ನೇ ಕರೆಯುವಾಗ ಅದು ಹುಟ್ಟುತ್ತದೆ. ಪರೀಕ್ಷೆಯ ಹಿಂದಿನ ದಿನವೂ ತಂಗಿ ಪಾತ್ರೆ ತೊಳೆದು, ಅಣ್ಣ ಓದಲು ಕುಳಿತಾಗ ಬೆಳೆಯುತ್ತದೆ. 'ಮದುವೆಯಾದ ಮೇಲೂ ಕೆಲಸಕ್ಕೆ ಹೋಗುವೆಯಾ ಅಮ್ಮ?' ಎಂದು ವಧೂಪರೀಕ್ಷೆಯಲ್ಲಿ ಕೇಳುವ ಅಕ್ಕರೆಯ ಮಾತಿನಲ್ಲಿ ಅದು ನಿಯಮವಾಗಿ ನಿಲ್ಲುತ್ತದೆ. 'ಗಂಡ ಕೆಲಸಕ್ಕೆ ಹೋಗಲು ಬಿಟ್ಟಿದ್ದಾರೆ, ಪುಣ್ಯವಂತೆ' ಎಂಬ ಪ್ರಶಂಸೆಯಲ್ಲಿಯೂ ಅಪ್ಪಣೆಯ ಸುಳಿವಿದೆ. ಇವನ್ನು ಆಡುವವರು ದುಷ್ಟರಲ್ಲ, ಪ್ರೀತಿಯಿಂದಲೇ ಆಡುತ್ತಾರೆ. ಆದುದರಿಂದಲೇ ಎದುರು ಹೇಳುವುದು ಹೆಣ್ಣುಮಕ್ಕಳಿಗೆ ಕಷ್ಟವಾಗುತ್ತದೆ.

ಇದಕ್ಕೆ ಜಗಳ ಬೇಕಿಲ್ಲ, ಭಾಷಣವೂ ಬೇಕಿಲ್ಲ. ನ್ಯಾಯಮೂರ್ತಿಗಳು ಸರ್ಕಾರವನ್ನು ಕೇಳಿದ ಮರುಪ್ರಶ್ನೆಯೇ ಮನೆಗೂ ಸಾಕು. ಮಗಳಿಗೆ ಹೇಳಹೊರಟ ಮಾತನ್ನು ಮೊದಲು ಮಗನಿಗೆ ಹೇಳಿ ನೋಡಬೇಕು. 'ಮದುವೆಯಾದ ಮೇಲೂ ಕೆಲಸಕ್ಕೆ ಹೋಗುವೆಯಾ ಅಪ್ಪ?' ಎಂದು ವರನನ್ನು ಕೇಳಿದರೆ ಚಾಪೆಯ ಮೇಲೆ ಕುಳಿತವರೆಲ್ಲ ನಕ್ಕಾರು. ಆ ನಗೆಯಲ್ಲಿಯೇ ಉತ್ತರವಿದೆ. ಮಗನ ವಿಷಯದಲ್ಲಿ ನಗೆ ತರಿಸುವ ಮಾತು ಮಗಳಿಗೆ ಬುದ್ಧಿವಾದವಾಗುವುದಾದರೆ, ಅದು ಪ್ರಕೃತಿಯ ನಿಯಮವಲ್ಲ. ಯಾರೋ ಬರೆದಿಟ್ಟ ಮುಚ್ಚಳಿಕೆ. ಅದಕ್ಕೆ ರುಜು ಹಾಕಿಸಿಕೊಳ್ಳುವುದನ್ನು ನಿಲ್ಲಿಸಲು ಯಾವ ನ್ಯಾಯಾಲಯದ ಅಪ್ಪಣೆಯೂ ಬೇಕಿಲ್ಲ.