ದನಿಯ ಕಡತ ಯಾವ ಮೇಜಿನ ಮೇಲೆ ನಿಂತಿದೆ?

ಮೂವತ್ತನಾಲ್ಕು ವರ್ಷ ಸರ್ಕಾರಿ ಸೇವೆಯಲ್ಲಿದ್ದವನಿಗೆ ‘ಕಡತ ಸಿಗುತ್ತಿಲ್ಲ’ ಎಂಬ ಮಾತು ಹೊಸದಲ್ಲ. ಆದರೆ ಇಲ್ಲಿ ಹೇಳಹೊರಟಿರುವುದು ನನ್ನ ಮನೆಯಲ್ಲೇ, ನನ್ನದೇ ಉದಾಸೀನದಿಂದ ಕೈತಪ್ಪಿದ ಕಡತವೊಂದರ ಕಥೆ.

1989ರಲ್ಲಿ ತೀರ್ಥಹಳ್ಳಿ ಸೀಮೆಯ ನಮ್ಮ ಮನೆಯಲ್ಲಿ ನಡೆದ ಮದುವೆಯೊಂದರಲ್ಲಿ ನನ್ನ ಅಕ್ಕ ಮತ್ತು ದೊಡ್ಡತ್ತಿಗೆ ಹಾಡಿದ ಹದಿನಾಲ್ಕು ಸಂಪ್ರದಾಯದ ಹಾಡುಗಳು ಒಂದು ಕ್ಯಾಸೆಟ್ಟಿನಲ್ಲಿದ್ದವು. ಹಸೆಗೆ ಕರೆಯುವ ಹಾಡು, ಆರತಿಯ ಹಾಡು, ಉರುಟಣೆಯ ಹಾಡು ಹೀಗೆ. ಅಕ್ಕ ಒಂದು ಸಾಲು ಹೇಳಿದರೆ ಅತ್ತಿಗೆ ಅದನ್ನು ಹಿಂದಿನಿಂದ ಹೇಳುವುದು ಆ ಹಾಡುಗಳ ಕ್ರಮ. 2004ರಲ್ಲಿ ನಾನು ಆ ಕ್ಯಾಸೆಟ್ಟನ್ನು ಕಂಪ್ಯೂಟರಿಗೆ ಇಳಿಸಿದೆ. ಬಳಸಿದ್ದು ದುಡ್ಡು ಕೊಟ್ಟು ಕೊಂಡಿದ್ದ ಒಂದು ತಂತ್ರಾಂಶ. ಅದು ಧ್ವನಿಯನ್ನು ತನಗೆ ಮಾತ್ರ ಅರ್ಥವಾಗುವ ರೂಪದಲ್ಲಿ ಕೂಡಿಡುತ್ತಿತ್ತು. ಎಲ್ಲ ಕಡೆಯೂ ತೆರೆಯುವ ಸಾಮಾನ್ಯ ರೂಪಕ್ಕೆ ನಾನು ಬದಲಾಯಿಸಿಟ್ಟದ್ದು ಮೂರೇ ಹಾಡುಗಳನ್ನು. ಉಳಿದ ಹನ್ನೊಂದನ್ನು ‘ನಾಳೆ ನೋಡೋಣ’ ಎಂದು ಬಿಟ್ಟೆ. 2011ರಲ್ಲಿ ಅತ್ತಿಗೆ ತೀರಿಕೊಂಡರು. ಆ ಹೊತ್ತಿಗೆ ತಂತ್ರಾಂಶ ತಯಾರಿಸಿದವರು ಅಂಗಡಿ ಮುಚ್ಚಿದ್ದರು. ಹೊಸ ಕಂಪ್ಯೂಟರಿನಲ್ಲಿ ಅದು ನಡೆಯಲಿಲ್ಲ. ಅಟ್ಟದ ಮೇಲಿದ್ದ ಕ್ಯಾಸೆಟ್ಟಿಗೆ ಮಲೆನಾಡಿನ ಮಳೆಗಾಲ ಬೂಷ್ಟು ಹಿಡಿಸಿತ್ತು. ಹನ್ನೊಂದು ಹಾಡುಗಳ ಆ ಕಡತ ಇಂದಿಗೂ ನನ್ನಲ್ಲಿದೆ. ಹೆಸರಿದೆ, ದಿನಾಂಕವಿದೆ, ಗಾತ್ರವಿದೆ. ತೆರೆಯುವ ಬೀಗದಕೈ ಮಾತ್ರ ಇಲ್ಲ.

ಕನ್ನಡದ ಮಟ್ಟಿಗೆ ಇದು ಅಪರಿಚಿತ ಸಂಕಟವೇನಲ್ಲ. ಯೂನಿಕೋಡ್‌ಗೆ ಮುಂಚಿನ ಫಾಂಟುಗಳಲ್ಲಿ ಟೈಪು ಮಾಡಿದ ಪತ್ರಗಳನ್ನು ಆ ಫಾಂಟು ಇಲ್ಲದ ಕಂಪ್ಯೂಟರಿನಲ್ಲಿ ತೆರೆದಾಗ ಇಂಗ್ಲಿಷ್ ಅಕ್ಷರಗಳೂ ಚಿಹ್ನೆಗಳೂ ಕಲಸಿಕೊಂಡು ಎದುರಾದದ್ದನ್ನು ನಮ್ಮಲ್ಲಿ ಅನೇಕರು ಕಂಡಿದ್ದೇವೆ. ಬರೆದವರು ನಾವು, ಓದುವ ಹಕ್ಕು ಇನ್ನಾರದೋ.

ಅಕ್ಕನಿಗೆ ಈಗ ಎಪ್ಪತ್ತೆಂಟು. ಎರಡು ವರ್ಷದ ಹಿಂದೆ, ಅವಳ ಕಂಠ ಇರುವಾಗಲೇ ಆ ಹಾಡುಗಳನ್ನು ಮತ್ತೊಮ್ಮೆ ಮುದ್ರಿಸಿಕೊಳ್ಳಬೇಕೆಂದು ನಿಶ್ಚಯಿಸಿದೆ. ಈ ಬಾರಿ ಬೀಗದಕೈ ನನ್ನ ಬಳಿಯೇ ಇರಬೇಕೆಂಬ ಹಟದಿಂದ ಲಿನಕ್ಸ್ ಆಯ್ದುಕೊಂಡೆ. ಫಿನ್ಲೆಂಡಿನ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ 1991ರಲ್ಲಿ ಆರಂಭಿಸಿದ ಈ ವ್ಯವಸ್ಥೆಯ ಮೂಲಸಂಕೇತವನ್ನು ಯಾರು ಬೇಕಾದರೂ ಓದಬಹುದು, ತಿದ್ದಬಹುದು, ಹಂಚಬಹುದು. ಮನೆಯಲ್ಲಿದ್ದ ಹಳೆಯ ಲ್ಯಾಪ್‌ಟಾಪಿಗೆ ಡೆಬಿಯನ್ ಎಂಬ ಲಿನಕ್ಸ್ ಆವೃತ್ತಿಯನ್ನು ಹಾಕಿದೆ. ಒಂದು ಮೈಕು, ಎರಡು ಮೈಕು ಜೋಡಿಸಬಹುದಾದ ಒಂದು ಯುಎಸ್‌ಬಿ ಧ್ವನಿಪೆಟ್ಟಿಗೆ, ಒಂದು ಹೆಡ್‌ಫೋನ್ ಕೊಂಡೆ. ಧ್ವನಿಮುದ್ರಣಕ್ಕೆ ಆರ್ಡರ್ ಎಂಬ ತಂತ್ರಾಂಶ. ಒಂದೇ ದನಿಯ ಸರಳ ಮುದ್ರಣಕ್ಕಾದರೆ 2000ದಲ್ಲಿ ಬಿಡುಗಡೆಯಾದ ಆಡಾಸಿಟಿಯೇ ಸಾಕು. ನನಗೆ ಅಕ್ಕನ ಎರಡು ದನಿಗಳು ಬೇಕಿದ್ದವು: ಮುಂದಿನ ಸಾಲನ್ನು ಮೊದಲು ಹಾಡಿಸಿ, ಅದನ್ನು ಹೆಡ್‌ಫೋನಿನಲ್ಲಿ ಕೇಳಿಸುತ್ತಾ ಅತ್ತಿಗೆಯ ಸಾಲನ್ನೂ ಅವಳಿಂದಲೇ ಹಾಡಿಸಬೇಕಿತ್ತು.

ಮೊದಲ ದಿನದ ಮುದ್ರಣದಲ್ಲಿ ಅಕ್ಕ ಪಕ್ಕದ ಬೀದಿಯಲ್ಲಿ ಹಾಡುತ್ತಿರುವಂತೆ ಕೇಳಿಸಿತು. ಜೊತೆಗೆ ಲ್ಯಾಪ್‌ಟಾಪಿನ ಫ್ಯಾನಿನ ಸದ್ದು. ಹತಾಶನಾಗಿ ಕುಳಿತಾಗ ಕಚೇರಿಯ ಹಳೆಯ ಬುದ್ಧಿ ನೆರವಿಗೆ ಬಂತು. ಕಡತ ಮುಂದೆ ಹೋಗದಿದ್ದರೆ ಇಡೀ ಇಲಾಖೆಯನ್ನು ಶಪಿಸಿ ಫಲವಿಲ್ಲ. ಅದು ಯಾವ ಮೇಜಿನ ಮೇಲೆ ನಿಂತಿದೆ ಎಂದು ಒಂದೊಂದೇ ಮೇಜು ವಿಚಾರಿಸಬೇಕು. ಧ್ವನಿಗೂ ಇಂಥದೇ ದಾರಿಯಿದೆ. ಮೈಕಿನಿಂದ ತಂತಿಗೆ, ತಂತಿಯಿಂದ ಧ್ವನಿಪೆಟ್ಟಿಗೆಗೆ, ಅಲ್ಲಿಂದ ಲಿನಕ್ಸಿನ ತಿರುಳಿನಲ್ಲಿರುವ ಆಲ್ಸಾ ಎಂಬ ಭಾಗಕ್ಕೆ, ಆಮೇಲೆ ಯಾವ ದನಿ ಯಾರಿಗೆ ಎಂದು ಹಂಚುವ ಪೈಪ್‌ವೈರ್‌ಗೆ, ಕೊನೆಗೆ ಮುದ್ರಿಸುವ ತಂತ್ರಾಂಶಕ್ಕೆ.

ಮೈಕನ್ನು ಬೆರಳಿನಿಂದ ಮೆಲ್ಲನೆ ತಟ್ಟಿದೆ. ಪರದೆಯ ಮೇಲಿನ ಮಾಪಕ ಅಲುಗಲಿಲ್ಲ. ಲ್ಯಾಪ್‌ಟಾಪನ್ನು ತಟ್ಟಿದೆ, ಮಾಪಕ ನೆಗೆಯಿತು. ನಾನು ಮುದ್ರಿಸುತ್ತಿದ್ದುದು ಲ್ಯಾಪ್‌ಟಾಪಿನೊಳಗಿನ ಪುಟ್ಟ ಮೈಕಿನಿಂದ! ಹೊಸ ಪೆಟ್ಟಿಗೆಯನ್ನು ಆಯ್ದ ಮೇಲೂ ಮೌನ. ಕಂಡೆನ್ಸರ್ ಜಾತಿಯ ಮೈಕಿಗೆ ಪೆಟ್ಟಿಗೆಯಿಂದ 48 ವೋಲ್ಟ್ ವಿದ್ಯುತ್ ಹೋಗಬೇಕು. ಆ ಗುಂಡಿಯನ್ನೇ ನಾನು ಒತ್ತಿರಲಿಲ್ಲ. ಅದಾದ ಮೇಲೆ ‘ಗುಂಯ್’ ಎಂಬ ನಾದ ಹಿಡಿದುಕೊಂಡಿತು. ಎರಡು ದಿನ ತಂತ್ರಾಂಶವನ್ನು ಜಾಲಾಡಿದೆ. ಕೊನೆಗೆ ಚಾರ್ಜರನ್ನು ಕಿತ್ತಾಗ ಸದ್ದು ನಿಂತಿತು. ಅದು ಭೂಸಂಪರ್ಕವಿಲ್ಲದ ಎರಡು ಪಿನ್ನಿನ ಚಾರ್ಜರು. ಅಲ್ಲಿಂದ ಮುಂದೆ ಬ್ಯಾಟರಿಯಲ್ಲಿಯೇ ಮುದ್ರಿಸಿದೆವು. ಲಿನಕ್ಸಿನ ಮೇಲೆ ಹೊರಿಸುವ ದೂರುಗಳಲ್ಲಿ ಹಲವು ಹೀಗೆ ಲಿನಕ್ಸಿನವಲ್ಲವೇ ಅಲ್ಲ.

ನಿಜವಾದ ತೊಡಕು ಎರಡನೆಯ ದನಿಯಲ್ಲಿ ಬಂತು. ಹೆಡ್‌ಫೋನ್ ಹಾಕಿಕೊಂಡು ಒಂದು ಸಾಲು ಹಾಡುವಷ್ಟರಲ್ಲಿ ಅಕ್ಕ ನಿಲ್ಲಿಸಿಬಿಟ್ಟಳು. “ಏನೋ ಇದು, ಯಾರೋ ಹಿಂದೆ ನಿಂತು ನನ್ನನ್ನು ಅಣಕಿಸಿದ ಹಾಗೆ ಕೇಳ್ತದಲ್ಲೋ!” ಅವಳ ದನಿ ಕಂಪ್ಯೂಟರಿನೊಳಗೆ ಹೋಗಿ ಮರಳಿ ಅವಳ ಕಿವಿಗೆ ಬರುವಷ್ಟರಲ್ಲಿ ತಡವಾಗುತ್ತಿತ್ತು.

ಇದನ್ನೂ ಕಚೇರಿಯ ಟಪ್ಪಾಲಿನಿಂದಲೇ ವಿವರಿಸಬಹುದು. ಕಂಪ್ಯೂಟರು ಧ್ವನಿಯನ್ನು ಸೆಕೆಂಡಿಗೆ 48,000 ಬಾರಿ ಅಳೆದು ಅಂಕಿಯಾಗಿ ಬರೆದುಕೊಳ್ಳುತ್ತದೆ. ಆ ಅಂಕಿಗಳನ್ನು ಒಂದೊಂದಾಗಿ ಒಯ್ಯದೆ ಬುಟ್ಟಿಯಲ್ಲಿ ತುಂಬಿ ಒಯ್ಯುತ್ತದೆ. ಬುಟ್ಟಿಗೆ 1,024 ಅಂಕಿಗಳಾದರೆ ಅದು ತುಂಬಲು ಸುಮಾರು 21 ಮಿಲಿಸೆಕೆಂಡು ಬೇಕು. ಹೋಗುವ ಬರುವ ಎರಡೂ ದಾರಿ ಸೇರಿದರೆ 40 ಮಿಲಿಸೆಕೆಂಡಿಗೂ ಹೆಚ್ಚು. ಗಾಳಿಯಲ್ಲಿ ಧ್ವನಿ ಸೆಕೆಂಡಿಗೆ ಸುಮಾರು 343 ಮೀಟರ್ ಸಾಗುವುದರಿಂದ, ಇದು ಹದಿನಾಲ್ಕು ಮೀಟರ್ ಆಚೆ, ಅಂಗಳದ ಇನ್ನೊಂದು ತುದಿಯಲ್ಲಿ ನಿಂತು ಹಾಡುವವರ ದನಿ ಕೇಳಿದಂತೆ. ಅಕ್ಕ ಹೇಳಿದ್ದು ಅಕ್ಷರಶಃ ಸರಿಯಾಗಿತ್ತು.

ಬುಟ್ಟಿಯನ್ನು 64 ಅಂಕಿಗಳಿಗೆ ಇಳಿಸಿದೆ. ತಡ ಹೋಯಿತು; ಅದರ ಬದಲು ‘ಚಟ್ ಚಟ್’ ಸದ್ದು ಬಂತು. ಬುಟ್ಟಿ ಚಿಕ್ಕದಾದಷ್ಟೂ ಜವಾನ ಪದೇ ಪದೇ ಬರುತ್ತಾನೆ. ಅವನು ಬಂದಾಗಲೆಲ್ಲ ಗುಮಾಸ್ತ ಜಾಗದಲ್ಲಿಯೇ ಇರಬೇಕು. ಗುಮಾಸ್ತ ಚಹಾಕ್ಕೆ ಎದ್ದುಹೋಗಿದ್ದರೆ ಟಪ್ಪಾಲು ನೆಲದ ಪಾಲು. ಆ ‘ಚಟ್’ ಎಂಬುದು ಹೀಗೆ ನೆಲಕ್ಕೆ ಬಿದ್ದ ಅಂಕಿಗಳ ಸದ್ದು. ಬಲ್ಲವರು ಇದನ್ನು ಎಕ್ಸ್‌ರನ್ ಎನ್ನುತ್ತಾರೆ.

ಪರಿಹಾರವೂ ಕಚೇರಿಯದೇ: ಕಡತಕ್ಕೆ ‘ಅತಿ ಜರೂರು’ ಎಂಬ ಚೀಟಿ ಅಂಟಿಸುವುದು. ಲಿನಕ್ಸ್ ಸಾಮಾನ್ಯ ಬಳಕೆದಾರನಿಗೆ ಈ ಚೀಟಿಯನ್ನು ತಾನಾಗಿ ಕೊಡುವುದಿಲ್ಲ. ಎಲ್ಲ ಕಡತಗಳೂ ಜರೂರಾದರೆ ಕಚೇರಿ ಸ್ತಬ್ಧವಾಗುತ್ತದೆಂಬುದು ಅದಕ್ಕೂ ಗೊತ್ತು. ಡೆಬಿಯನ್ನಿನಲ್ಲಿ ಧ್ವನಿಯ ಕೆಲಸಕ್ಕೆಂದೇ ಇರುವ ಬಳಕೆದಾರರ ಗುಂಪಿಗೆ ನನ್ನ ಹೆಸರು ಸೇರಿಸಿ, ಆ ಗುಂಪಿಗೆ ಹೆಚ್ಚಿನ ಆದ್ಯತೆಗೆ ಅನುಮತಿ ನೀಡಿದೆ. ನಡುವಿನ ಪೈಪ್‌ವೈರ್ ಮೇಜನ್ನು ತಪ್ಪಿಸಿ, ಆರ್ಡರ್ ನೇರವಾಗಿ ಆಲ್ಸಾದೊಡನೆ ವ್ಯವಹರಿಸುವಂತೆ ಮಾಡಿದೆ. ಬುಟ್ಟಿಯನ್ನು 128ಕ್ಕೆ ನಿಲ್ಲಿಸಿದೆ. ಸದ್ದು ನಿಂತಿತು. ಇಂಥ ತುರ್ತು ಕೆಲಸಗಳಿಗಾಗಿ ಲಿನಕ್ಸಿನ ತಿರುಳಿನ ಹೊರಗೆ ಸುಮಾರು ಎರಡು ದಶಕ ಬೆಳೆದ ತಿದ್ದುಪಡಿಗಳು 2024ರಲ್ಲಿ ಬಂದ 6.12ನೆಯ ಆವೃತ್ತಿಯಲ್ಲಿ ಮುಖ್ಯ ತಿರುಳನ್ನೇ ಸೇರಿರುವುದು ಈ ಕೆಲಸ ಮಾಡುವವರಿಗೆ ಸಮಾಧಾನದ ಸಂಗತಿ.

ಇಷ್ಟೆಲ್ಲ ಆದ ಮೇಲೆ ಪೆಟ್ಟಿಗೆಯ ಮುಂಭಾಗದಲ್ಲೇ ಒಂದು ಗುಂಡಿ ಕಣ್ಣಿಗೆ ಬಿತ್ತು. ಅದನ್ನು ಒತ್ತಿದರೆ ಹಾಡುವವರ ದನಿ ಕಂಪ್ಯೂಟರಿಗೆ ಹೋಗಿ ಬರುವ ಗೋಜಿಲ್ಲದೆ ನೇರವಾಗಿ ಹೆಡ್‌ಫೋನಿಗೆ ಬರುತ್ತದೆ. ಎರಡು ವಾರ ಅದು ನನ್ನ ಕಣ್ಣೆದುರೇ ಇತ್ತು! ಆದರೂ ಆ ಎರಡು ವಾರ ವ್ಯರ್ಥವಾಯಿತೆಂದು ಹೇಳಲಾರೆ. ಎರಡನೆಯ ದನಿ ಮೊದಲನೆಯದರೊಡನೆ ಸರಿಯಾಗಿ ಕೂಡಬೇಕಾದರೆ ಯಂತ್ರದ ತಡವೆಷ್ಟೆಂದು ಆರ್ಡರ್‌ಗೆ ತಿಳಿದಿರಲೇಬೇಕು. ಪೆಟ್ಟಿಗೆಯ ಹೊರದಾರಿಯಿಂದ ಒಳದಾರಿಗೆ ಒಂದು ತಂತಿ ಜೋಡಿಸಿದರೆ ಅದು ತಾನೇ ಅಳೆದುಕೊಳ್ಳುತ್ತದೆ. ಆ ಅಳತೆಯ ಅರ್ಥ ನನಗೆ ಆಗಿದ್ದು ಆ ಪರದಾಟದಿಂದಲೇ.

ಈಗ ಅರ್ಥಶಾಸ್ತ್ರದ ಹಳೆಯ ವಿದ್ಯಾರ್ಥಿಯಾಗಿ ಒಂದೆರಡು ಮಾತು. ಬೆಲೆ ಸೊನ್ನೆ ಎಂದರೆ ವೆಚ್ಚ ಸೊನ್ನೆ ಎಂದಲ್ಲ. ನಾನು ಹಣದ ಬದಲು ಸಮಯ ತೆತ್ತೆ. ನಿವೃತ್ತನ ಸಮಯಕ್ಕೆ ಪೇಟೆಯಲ್ಲಿ ಬೆಲೆ ಕಡಿಮೆ, ಹಾಗಾಗಿ ಗಿಟ್ಟಿತು. ನಾಳೆಯೇ ಕೆಲಸ ಒಪ್ಪಿಸಬೇಕಾದ ವೃತ್ತಿಪರರಿಗೆ ಈ ದಾರಿಯನ್ನು ನಾನು ಕಣ್ಣುಮುಚ್ಚಿ ಸೂಚಿಸಲಾರೆ. ಅವರು ಬಳಸುವ ಅನೇಕ ಪೂರಕ ತಂತ್ರಾಂಶಗಳು ವಿಂಡೋಸ್ ಮತ್ತು ಮ್ಯಾಕ್‌ಗಳಿಗೆ ಮಾತ್ರ ತಯಾರಾಗುತ್ತವೆ. ಧ್ವನಿಪೆಟ್ಟಿಗೆಯನ್ನೂ ವಿಚಾರಿಸಿಯೇ ಕೊಳ್ಳಬೇಕು. ಯುಎಸ್‌ಬಿಯ ಸಾಮಾನ್ಯ ನಿಯಮಕ್ಕೆ ಬದ್ಧವಾದದ್ದಾದರೆ ಬೇರೆ ಚಾಲಕ ತಂತ್ರಾಂಶವಿಲ್ಲದೆ ನಡೆಯುತ್ತದೆ.

ಎಲ್ಲರಿಗೂ ದಕ್ಕುವ, ಒಬ್ಬರು ಬಳಸಿದರೆ ಇನ್ನೊಬ್ಬರಿಗೆ ಕಡಿಮೆಯಾಗದ ಸರಕನ್ನು ಸಾರ್ವಜನಿಕ ಸರಕು ಎಂದು ಓದಿದ್ದೆವು. ಪಾಲ್ ಸ್ಯಾಮ್ಯುಯೆಲ್‌ಸನ್ 1954ರಲ್ಲಿ ಅದರ ತರ್ಕವನ್ನು ಮಂಡಿಸಿದರು. ಅಂಥದಕ್ಕೆ ಯಾರೂ ಸ್ವಂತ ಇಚ್ಛೆಯಿಂದ ದುಡ್ಡು ಕೊಡಲಾರರೆಂಬುದು ಪಾಠದ ಸಾರ. ಜನ ತಾವೇ ನಿಯಮ ಕಟ್ಟಿಕೊಂಡು ಸಾಮಾನ್ಯ ಸಂಪತ್ತನ್ನು ಕಾಪಾಡಬಲ್ಲರೆಂದು ತೋರಿಸಿದವರು ಎಲಿನಾರ್ ಆಸ್ಟ್ರಮ್. ಅದಕ್ಕಾಗಿ 2009ರಲ್ಲಿ ಅವರಿಗೆ ನೊಬೆಲ್ ಬಂತು. ಪಾಲ್ ಡೇವಿಸ್ ಆರಂಭಿಸಿದ ಆರ್ಡರ್ ಇದಕ್ಕೊಂದು ನಿದರ್ಶನ. ಮೂಲಸಂಕೇತ ಎಲ್ಲರಿಗೂ ಉಚಿತ. ಸಿದ್ಧಪಡಿಸಿದ ತಂತ್ರಾಂಶವನ್ನು ತಯಾರಕರಿಂದಲೇ ಪಡೆಯುವವರು ತಮಗೆ ತೋಚಿದ ಮೊತ್ತ ಕೊಡುತ್ತಾರೆ. ಡೆಬಿಯನ್ನಿನ ಮೂಲಕ ನನಗೆ ಅದು ಬಿಟ್ಟಿಯಾಗಿಯೇ ದೊರೆಯಿತು. ಆದರೂ ಒಂದು ಮೊತ್ತ ಕಳಿಸಿದೆ. ಊರ ಕೆರೆಯ ನೀರು ಕುಡಿಯುವವನು ಹೂಳೆತ್ತುವ ದಿನ ಮನೆಯಲ್ಲಿ ಕೂರಬಾರದು.

ಜನರ ಹಾಡನ್ನು ಕೂಡಿಡುವ ಕೆಲಸದಲ್ಲಿ ನಮ್ಮ ನಾಡಿಗೆ ಹಿರಿಯ ಮೇಲ್ಪಂಕ್ತಿಯಿದೆ. ಆಡಳಿತ ಸೇವೆಯಲ್ಲಿದ್ದ ಎಚ್.ಎಲ್. ನಾಗೇಗೌಡರು ಟೇಪ್ ರೆಕಾರ್ಡರಿನಲ್ಲಿ ಜನಪದ ಹಾಡುಗಳನ್ನು ಹಿಡಿದಿಟ್ಟು, ರಾಮನಗರದ ಬಳಿ ಜಾನಪದ ಲೋಕವನ್ನೇ ಕಟ್ಟಿದರು. ನಮ್ಮಂಥವರಿಗೆ ಅಷ್ಟು ಸಾಧ್ಯವಿಲ್ಲ. ಆದರೆ ನಮ್ಮ ಮನೆಯ ಹಿರಿಯರ ದನಿಯನ್ನು ಎಲ್ಲ ಕಡೆಯೂ ತೆರೆಯುವ ವೇವ್ ಅಥವಾ ಫ್ಲ್ಯಾಕ್ ರೂಪದಲ್ಲಿ, ಎರಡು ಮೂರು ಪ್ರತಿ ಮಾಡಿ, ಬೇರೆ ಬೇರೆ ಮನೆಗಳಲ್ಲಿ ಇಡಬಹುದು. ಎಮ್‌ಪಿ3 ಹಂಚಲು ಸಾಕು, ಕಾಪಿಡಲು ಸಾಲದು. ಗಾತ್ರ ಇಳಿಸಲು ಅದು ಕಳೆದ ಧ್ವನಿಯ ಅಂಶ ಮತ್ತೆ ಬರುವುದಿಲ್ಲ.

ನಮ್ಮ ಮುದ್ರಣ ನಡೆದದ್ದು ಬೆಂಗಳೂರಿನ ಮನೆಯ ಉಗ್ರಾಣದಲ್ಲಿ, ಗೋಡೆಗೆ ರಜಾಯಿಗಳನ್ನು ತೂಗುಹಾಕಿ, ಕುಕ್ಕರಿನ ಸೀಟಿಗೂ ತರಕಾರಿ ಗಾಡಿಯ ಕೂಗಿಗೂ ಮುಂಚಿನ ನಸುಕಿನಲ್ಲಿ. ಅಕ್ಕ ತನ್ನ ಸಾಲನ್ನೂ ಅತ್ತಿಗೆಯ ಸಾಲನ್ನೂ ತಾನೇ ಹಾಡಿದಳು. ಹನ್ನೊಂದು ಹಾಡುಗಳಲ್ಲಿ ಒಂಬತ್ತು ಸಿಕ್ಕವು. ಉಳಿದ ಎರಡನ್ನು ನೆನಪಿಸಿಕೊಳ್ಳಲು ಮೂರು ಬೆಳಗು ಪ್ರಯತ್ನಿಸಿದಳು. “ಅವೆರಡು ಅವಳಿಗೇ ಚೆನ್ನಾಗಿ ಬರ್ತಿದ್ದವು ಕಣೋ, ನಾನು ಹಿಂದಿಂದ ಹೇಳ್ತಿದ್ದೆ ಅಷ್ಟೆ” ಎಂದು ಹೆಡ್‌ಫೋನ್ ತೆಗೆದಿಟ್ಟಳು.

ಆ ಎರಡು ಹಾಡುಗಳು 2004ರ ಕಡತದಲ್ಲಿ ಇದ್ದೇ ಇವೆ. ನಾನು ಅದನ್ನು ಅಳಿಸಿಲ್ಲ.