ಗೇರ್ ಪೆಟ್ಟಿಗೆಯ ಗೊಣಗಾಟ

ಹಳೆಯ ಕಾರಿನಲ್ಲಿ ಘಾಟಿ ಇಳಿಯುವವರಿಗೆ ಪರಿಚಿತವಾದ ಒಂದು ಭಯವಿದೆ. ಎರಡನೆಯ ಗೇರಿನಲ್ಲಿ, ಎಂಜಿನ್ನಿನ ಹಿಡಿತದಲ್ಲಿ ಮೆಲ್ಲಗೆ ಇಳಿಯುತ್ತಿರುವ ಕಾರು ಇನ್ನೇನು ತಿರುವಿಗೆ ಬಂತು ಎನ್ನುವಾಗ ಗೇರ್ ಕಡ್ಡಿ ‘ಟಕ್’ ಎಂದು ತಾನಾಗಿಯೇ ನ್ಯೂಟ್ರಲ್ಲಿಗೆ ಹಾರುತ್ತದೆ. ಎಂಜಿನ್ನಿನ ತಡೆ ಹೋಗಿ ಭಾರವೆಲ್ಲ ಬ್ರೇಕಿನ ಮೇಲೆ ಬೀಳುತ್ತದೆ. ಆಗುಂಬೆಯಲ್ಲೋ ಚಾರ್ಮಾಡಿಯಲ್ಲೋ ಒಮ್ಮೆ ಹೀಗಾದರೆ ಸಾಕು, ಮಾಲೀಕ ಮರುದಿನವೇ ಗ್ಯಾರೇಜಿನ ಬಾಗಿಲಲ್ಲಿರುತ್ತಾನೆ. ಅಲ್ಲಿ ಸಿಗುವ ಉತ್ತರವೂ ಬಹುಮಟ್ಟಿಗೆ ಒಂದೇ: ‘ಗೇರ್ ಬಾಕ್ಸ್ ಇಳಿಸಬೇಕು ಸಾರ್.’

ಇಳಿಸಬೇಕೇ, ಬೇಡವೇ ಎಂಬುದೇ ಇಲ್ಲಿನ ದೊಡ್ಡ ಪ್ರಶ್ನೆ. ಕಾರಿನ ಹೊಟ್ಟೆಯಿಂದ ಗೇರ್ ಪೆಟ್ಟಿಗೆಯನ್ನು ಇಳಿಸಿ, ಬಿಚ್ಚಿ, ಮತ್ತೆ ಜೋಡಿಸುವುದು ಖರ್ಚಿನ ಕೆಲಸ. ಅಷ್ಟೇ ಅಲ್ಲ, ಪಳಗದ ಕೈ ಒಮ್ಮೆ ಬಿಚ್ಚಿದ ಪೆಟ್ಟಿಗೆ ಮತ್ತೆ ಮೊದಲಿನಂತಾಗುವುದು ಅಪರೂಪ. ನಾಡಿ ನೋಡದೆಯೇ ಶಸ್ತ್ರಚಿಕಿತ್ಸೆಗೆ ಕೈ ಹಾಕುವ ವೈದ್ಯನನ್ನು ಯಾರೂ ಒಪ್ಪುವುದಿಲ್ಲ. ಮೆಕ್ಯಾನಿಕ್ಕಿನ ವಿಷಯದಲ್ಲಿ ಮಾತ್ರ ನಮ್ಮ ಜನ ಅದನ್ನು ಸುಲಭವಾಗಿ ಒಪ್ಪಿಬಿಡುತ್ತಾರೆ.

ಅಂಬಾಸಡರ್ ಮತ್ತು ಪ್ರೀಮಿಯರ್ ಪದ್ಮಿನಿ ನಮ್ಮಲ್ಲಿ ಹಳೆಯ ಕಾರು ಎಂದ ಕೂಡಲೇ ನೆನಪಾಗುವ ಎರಡು ಹೆಸರುಗಳು. ಒಂದರ ಮೂಲ ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್, ಇನ್ನೊಂದರದು ಇಟಲಿಯ ಫಿಯಟ್ 1100. ಎರಡೂ 1950ರ ದಶಕದ ವಿನ್ಯಾಸಗಳು. ಎರಡರಲ್ಲೂ ಬಹುಕಾಲ ನಾಲ್ಕು ಗೇರ್‌ಗಳು, ಕಡ್ಡಿ ಸ್ಟೀರಿಂಗಿನ ಪಕ್ಕದಲ್ಲಿ. 1992ರಲ್ಲಿ ಇಸುಜು ಎಂಜಿನ್ ಹೊತ್ತು ಬಂದ ಅಂಬಾಸಡರಿನಲ್ಲಿ ಗೇರ್‌ಗಳು ಐದಾದವು, ಕಡ್ಡಿ ನೆಲಕ್ಕಿಳಿಯಿತು. ಪಶ್ಚಿಮ ಬಂಗಾಳದ ಉತ್ತರಪಾರಾದ ಕಾರ್ಖಾನೆ 2014ರಲ್ಲಿ ಅಂಬಾಸಡರ್ ತಯಾರಿಕೆಯನ್ನು ನಿಲ್ಲಿಸಿತು. ಮುಂಬೈಯ ಕಪ್ಪು-ಹಳದಿ ಪದ್ಮಿನಿ ಟ್ಯಾಕ್ಸಿಗಳು 2023ರ ಅಕ್ಟೋಬರಿನಲ್ಲಿ ರಸ್ತೆಯಿಂದ ನಿವೃತ್ತವಾದವು. ಇವುಗಳನ್ನು ಪ್ರೀತಿಯಿಂದ ಉಳಿಸಿಕೊಂಡವರ ಮನೆಯಂಗಳದಲ್ಲಿ ಮಾತ್ರ ಗೇರ್ ಪೆಟ್ಟಿಗೆಗಳು ಇನ್ನೂ ಗೊಣಗುತ್ತಲೇ ಇವೆ.

ಗೊಣಗಾಟದ ಅರ್ಥ ತಿಳಿಯಬೇಕಾದರೆ ಪೆಟ್ಟಿಗೆಯ ಒಳಗನ್ನು ಸ್ವಲ್ಪ ಅರಿಯಬೇಕು. ಕಾರಿನ ಬಾಲ್ಯದಲ್ಲಿ, ಅಂದರೆ 1890ರ ದಶಕದಲ್ಲಿ, ಫ್ರಾನ್ಸಿನ ಎಮಿಲ್ ಲೆವಸೋರ್ ಜಾರುವ ಹಲ್ಲುಚಕ್ರಗಳ ಪೆಟ್ಟಿಗೆಯನ್ನು ಬಳಕೆಗೆ ತಂದ. ತಿರುಗುತ್ತಿರುವ ಒಂದು ಚಕ್ರವನ್ನು, ಬೇರೆ ವೇಗದಲ್ಲಿ ತಿರುಗುತ್ತಿರುವ ಇನ್ನೊಂದರ ಹಲ್ಲಿಗೆ ಒತ್ತಿ ಸೇರಿಸುವ ಒರಟು ಉಪಾಯ ಅದು. ಹಲ್ಲು ಹಲ್ಲಿಗೆ ಬಡಿದು ಕರಕರ ಸದ್ದಾಗುವುದು ಅಂದಿನ ಚಾಲಕನ ದಿನಚರಿಯೇ ಆಗಿತ್ತು. ನುರಿತವನು ಕ್ಲಚ್ಚನ್ನು ಎರಡು ಬಾರಿ ತುಳಿದು, ನಡುವೆ ನ್ಯೂಟ್ರಲ್ಲಿನಲ್ಲಿ ಎಂಜಿನ್ನಿಗೆ ಒಂದಿಷ್ಟು ರೇಸು ಕೊಟ್ಟು, ಎರಡು ಚಕ್ರಗಳ ವೇಗವನ್ನು ಕಿವಿಯಿಂದಲೇ ಸಮ ಮಾಡಿಕೊಳ್ಳುತ್ತಿದ್ದ. ಹಳೆಯ ಲಾರಿ ಬಸ್ಸುಗಳ ಡ್ರೈವರುಗಳಿಗೆ ಈ ವಿದ್ಯೆ ಕರಗತವಾಗಿತ್ತು.

ಈ ಕಷ್ಟಕ್ಕೆ ಪರಿಹಾರ ಕಂಡುಹಿಡಿದವನು ಅರ್ಲ್ ಥಾಂಪ್ಸನ್ ಎಂಬ ಅಮೆರಿಕನ್ ಎಂಜಿನಿಯರ್. ಅವನ ‘ಸಿಂಕ್ರೊಮೆಶ್’ 1928ರಲ್ಲಿ ಕ್ಯಾಡಿಲಾಕ್ ಕಾರಿನಲ್ಲಿ ಕಾಣಿಸಿಕೊಂಡಿತು. ಗೇರ್ ಹಾಕುವುದನ್ನು ಸುಲಭ ಮಾಡಿದ ಇದೇ ಮನುಷ್ಯ ಮುಂದೆ ಹೈಡ್ರಾಮ್ಯಾಟಿಕ್ ಎಂಬ ಸ್ವಯಂಚಾಲಿತ ಪೆಟ್ಟಿಗೆಯ ಕೆಲಸದ ಮುಂದಾಳಾಗಿ, ಗೇರ್ ಹಾಕುವ ಕೆಲಸವನ್ನೇ ಚಾಲಕನಿಂದ ಕಿತ್ತುಕೊಂಡ ಎಂಬುದು ಬೇರೆಯೇ ಒಂದು ತಮಾಷೆ.

ಸಿಂಕ್ರೊಮೆಶ್ ಇರುವ ಗೇರ್‌ಗಳಲ್ಲಿ ದೊಡ್ಡ ಹಲ್ಲುಚಕ್ರಗಳು ಯಾವಾಗಲೂ ಒಂದನ್ನೊಂದು ಕಚ್ಚಿಕೊಂಡೇ ತಿರುಗುತ್ತಿರುತ್ತವೆ. ಆದರೆ ಮುಖ್ಯ ದಂಡದ ಮೇಲಿರುವ ಚಕ್ರಗಳು ದಂಡಕ್ಕೆ ಅಂಟಿಕೊಂಡಿಲ್ಲ, ಅದರ ಸುತ್ತ ಸುಮ್ಮನೆ ಸುತ್ತುತ್ತವೆ. ಚಾಲಕ ಕಡ್ಡಿಯನ್ನು ತಳ್ಳಿದಾಗ ಸ್ಲೀವ್ ಎಂಬ ತೋಳು ಸರಿದು ಬಂದು, ಬೇಕಾದ ಚಕ್ರದ ಪಕ್ಕದಲ್ಲಿರುವ ಕಿರುಹಲ್ಲುಗಳನ್ನು ಹಿಡಿದು, ಚಕ್ರವನ್ನು ದಂಡಕ್ಕೆ ಕಟ್ಟುತ್ತದೆ. ತೋಳು ಮತ್ತು ಚಕ್ರದ ನಡುವೆ ಒಂದು ಹಿತ್ತಾಳೆಯ ಬಳೆ ಇದೆ. ಅದರ ಒಳಮೈ ಶಂಕುವಿನಂತೆ ಓರೆ. ಮೈತುಂಬ ಸಣ್ಣ ಸಣ್ಣ ಗೀರುಗಳು. ತೋಳು ಒತ್ತಿದಾಗ ಈ ಗೀರುಗಳು ಎಣ್ಣೆಯ ಪದರವನ್ನು ಕೆರೆದು ಹಾಕಿ ಚಕ್ರದ ಶಂಕುವನ್ನು ಬ್ರೇಕಿನಂತೆ ಹಿಡಿಯುತ್ತವೆ. ಎರಡರ ವೇಗ ಸಮವಾಗುವವರೆಗೆ ಬಳೆ ತೋಳನ್ನು ಮುಂದಕ್ಕೆ ಬಿಡುವುದಿಲ್ಲ.

ಉಕ್ಕಿನ ನಡುವೆ ಹಿತ್ತಾಳೆಯನ್ನು ಇಟ್ಟದ್ದು ಸುಮ್ಮನೆ ಅಲ್ಲ. ಉಕ್ಕಿನ ಚಕ್ರ ಉಳಿಯಲೆಂದು ಮೆತ್ತನೆಯ ಬಳೆ ತಾನು ಸವೆಯುತ್ತದೆ. ಸವೆದಾಗ ಬದಲಾಯಿಸಬೇಕು, ಬದಲಾಯಿಸದಿದ್ದರೆ ಸವೆತ ದುಬಾರಿ ಉಕ್ಕಿಗೆ ದಾಟುತ್ತದೆ. ಗೇರ್ ಪೆಟ್ಟಿಗೆಯ ರೋಗಶಾಸ್ತ್ರದಲ್ಲಿ ಅರ್ಧದಷ್ಟು ಇದೇ ಕಥೆ.

ಅಂಬಾಸಡರ್ ಮತ್ತು ಪದ್ಮಿನಿಯ ನಾಲ್ಕು ಗೇರಿನ ಪೆಟ್ಟಿಗೆಗಳಲ್ಲಿ ಒಂದನೆಯ ಗೇರಿಗೂ ರಿವರ್ಸಿಗೂ ಈ ಬಳೆ ಇಲ್ಲ. ಚಲಿಸುತ್ತಿರುವ ಕಾರನ್ನು ಒಂದನೆಯ ಗೇರಿಗೆ ಎಳೆದಾಗ ಕರಕರ ಎಂದರೆ ಅದು ರೋಗವಲ್ಲ, ಹುಟ್ಟುಗುಣ. ನೇರ ಹಲ್ಲಿನ ರಿವರ್ಸ್ ಗೇರ್ ಕೂಗುವುದೂ ಹಾಗೆಯೇ. ಎರಡನೆಯ ಗೇರಿಗೆ ಇಳಿಸುವಾಗ ಕರಕರ ಎಂದರೆ ಮಾತ್ರ ಬಳೆಯ ಮೇಲೆ ಗುಮಾನಿ ಪಡಬೇಕು. ಊರಿನೊಳಗಿನ ಓಡಾಟದಲ್ಲಿ ಹೆಚ್ಚು ಬಳಕೆಯಾಗುವುದು, ವೇಗದ ಅಂತರ ಹೆಚ್ಚಿರುವುದು ಈ ಗೇರಿನಲ್ಲೇ. ಆದ್ದರಿಂದ ಮೊದಲು ಸವೆಯುವುದೂ ಇದರ ಬಳೆಯೇ.

ಆದರೆ ಎಲ್ಲ ಗೇರ್‌ಗಳೂ ಒಟ್ಟಿಗೆ ಮುನಿಸಿಕೊಂಡಿದ್ದರೆ? ಆಗ ತಪ್ಪು ಪೆಟ್ಟಿಗೆಯದ್ದಲ್ಲದೆ ಇರಬಹುದು. ಇದಕ್ಕೊಂದು ಸುಲಭ ಪರೀಕ್ಷೆಯಿದೆ. ನಿಂತ ಕಾರಿನಲ್ಲಿ ಎಂಜಿನ್ ಚಾಲೂ ಇಟ್ಟು, ಕ್ಲಚ್ಚನ್ನು ಪೂರ್ತಿ ತುಳಿದು, ಐದಾರು ಸೆಕೆಂಡು ಕಾದು, ರಿವರ್ಸ್ ಹಾಕಿ ನೋಡುವುದು. ಕ್ಲಚ್ಚು ಸರಿಯಾಗಿ ಬಿಟ್ಟಿದ್ದರೆ ಅಷ್ಟರಲ್ಲಿ ಒಳಗಿನ ಚಕ್ರಗಳು ನಿಂತಿರುತ್ತವೆ, ಗೇರ್ ಸದ್ದಿಲ್ಲದೆ ಬೀಳುತ್ತದೆ. ಆಗಲೂ ಕರ್ರೆಂದರೆ ಕ್ಲಚ್ಚು ಬಿಡುತ್ತಿಲ್ಲ ಎಂದೇ ಅರ್ಥ. ಪೆಡಲಿನ ಹೊಂದಾಣಿಕೆ ತಪ್ಪಿರಬಹುದು, ಹೈಡ್ರಾಲಿಕ್ ಇದ್ದರೆ ಅದರ ರಬ್ಬರು ಸೋರುತ್ತಿರಬಹುದು. ಬಳೆಯ ಸಹಾಯವಿಲ್ಲದ ರಿವರ್ಸ್ ಗೇರ್ ಈ ವಿಷಯದಲ್ಲಿ ಸುಳ್ಳು ಹೇಳದ ಸಾಕ್ಷಿ.

ಎರಡನೆಯ ಆರೋಪಿ ಗೇರ್ ಕಡ್ಡಿಯ ಸಂಪರ್ಕ. ಸ್ಟೀರಿಂಗಿನ ಪಕ್ಕದ ಕಡ್ಡಿಯಿಂದ ಪೆಟ್ಟಿಗೆಯವರೆಗೆ ಸರಳುಗಳೂ ಕೀಲುಗಳೂ ಇವೆ, ಕೀಲುಗಳಲ್ಲಿ ಬುಷ್‌ಗಳಿವೆ. ಅವು ಸವೆದಾಗ ಕಡ್ಡಿ ಸೋತ ಕೈಯಂತೆ ಅಲ್ಲಾಡುತ್ತದೆ. ಮೂರನೆಯದು ಎಂದುಕೊಂಡರೆ ಒಂದನೆಯದು ಬೀಳುತ್ತದೆ, ಕೆಲವೊಮ್ಮೆ ಎರಡರ ನಡುವೆ ಸಿಕ್ಕಿಕೊಳ್ಳುತ್ತದೆ. ನಡುರಸ್ತೆಯಲ್ಲಿ ಬಾನೆಟ್ ಎತ್ತಿ ಸರಳನ್ನು ಕೈಯಿಂದ ಬಿಡಿಸಿ ಹೊರಟ ಟ್ಯಾಕ್ಸಿ ಚಾಲಕರನ್ನು ಒಂದು ಕಾಲದಲ್ಲಿ ಎಲ್ಲೆಡೆ ಕಾಣಬಹುದಿತ್ತು. ಇನ್ನೂ ಕೆಟ್ಟದ್ದೇನೆಂದರೆ, ಸಡಿಲ ಸರಳು ತೋಳನ್ನು ಪೂರ್ತಿ ತಳ್ಳುವುದಿಲ್ಲ. ಅರ್ಧ ಮಾತ್ರ ಹಿಡಿದ ಕಿರುಹಲ್ಲುಗಳ ಅಂಚು ದಿನೇ ದಿನೇ ಉರುಟಾಗುತ್ತದೆ. ಉರುಟಾದ ಹಲ್ಲು ಹಿಡಿದು ನಿಲ್ಲಲಾರದೆ, ಭಾರ ಹಿಂದುಮುಂದಾದ ಕೂಡಲೇ ಜಾರುತ್ತದೆ. ಘಾಟಿಯಲ್ಲಿ ಹಾರಿದ ಗೇರಿನ ಮೂಲ ಎಷ್ಟೋ ಸಲ ಪುಡಿಗಾಸಿನ ಒಂದು ಬುಷ್ಷು. ಸಕಾಲದಲ್ಲಿ ಅದನ್ನು ಹಾಕಿಸಿದ್ದರೆ ಪೆಟ್ಟಿಗೆ ಬಿಚ್ಚುವ ಪ್ರಮೇಯವೇ ಬರುತ್ತಿರಲಿಲ್ಲ. ಹಾಗೆಂದು ಬೇರೆ ಕಾರಣಗಳಿಲ್ಲ ಎಂದಲ್ಲ. ಗೇರನ್ನು ಜಾಗದಲ್ಲಿ ಹಿಡಿದಿಡುವ ಗುಂಡಿನ ಹಿಂದಿನ ಸ್ಪ್ರಿಂಗ್ ಸೋತಿರಬಹುದು, ತೋಳನ್ನು ಸರಿಸುವ ಫೋರ್ಕ್ ಸವೆದಿರಬಹುದು, ಎಂಜಿನ್ನಿನ ಕೆಳಗಿನ ರಬ್ಬರ್ ಮೌಂಟಿಂಗ್ ಹರಿದಿರಬಹುದು.

ಇನ್ನು ಸದ್ದಿನ ಲೆಕ್ಕ. ನ್ಯೂಟ್ರಲ್ಲಿನಲ್ಲಿ ಗುರುಗುಟ್ಟುವ ಸದ್ದು ಕ್ಲಚ್ ತುಳಿದೊಡನೆ ನಿಂತರೆ, ತೊಂದರೆ ಪೆಟ್ಟಿಗೆಯ ಮುಂಬದಿಯ ಬೇರಿಂಗಿನಲ್ಲಿ ಅಥವಾ ಕೆಳಗಿನ ಲೇ ಶಾಫ್ಟಿನಲ್ಲಿ. ಕ್ಲಚ್ ತುಳಿದಾಗಲೇ ಸದ್ದು ಹುಟ್ಟಿದರೆ ಅದು ಕ್ಲಚ್ಚಿನ ಬೇರಿಂಗು. ಒಂದೇ ಗೇರಿನಲ್ಲಿ ಕೂಗಿದರೆ ಆ ಗೇರಿನ ಹಲ್ಲು. ಎಲ್ಲ ಗೇರಿನಲ್ಲೂ ಕೂಗಿ, ನಾಲ್ಕನೆಯದಕ್ಕೆ ಬಂದಾಗ ಮಾತ್ರ ಮೌನವಾದರೆ ಪತ್ತೆ ಇನ್ನೂ ಖಚಿತ. ನಾಲ್ಕನೆಯದರಲ್ಲಿ ಎಂಜಿನ್ನಿನ ಶಕ್ತಿ ನೇರವಾಗಿ ಹಿಂದಕ್ಕೆ ಹೋಗುತ್ತದೆ, ಲೇ ಶಾಫ್ಟಿನ ಮೇಲೆ ಹೊರೆ ಬೀಳುವುದಿಲ್ಲ. ಹೊರೆ ಇಳಿದಾಗ ಸುಮ್ಮನಾಗುವವನೇ ಕಳ್ಳ.

ಕಡೆಯ ಪರೀಕ್ಷೆ ಎಣ್ಣೆಯದು. ಕಾರು ಓಡಿ ಬಿಸಿಯಾಗಿರುವಾಗಲೇ ಎಣ್ಣೆಯನ್ನು ಶುಭ್ರ ಬೋಗುಣಿಗೆ ಇಳಿಸಿ ಬಿಸಿಲಿಗೆ ಹಿಡಿಯಬೇಕು. ಹೊನ್ನಿನ ಬಣ್ಣದ ನುಣ್ಣನೆ ಪುಡಿ ಕಂಡರೆ ಬಳೆಗಳು ಸವೆದಿವೆ. ಆಯಸ್ಕಾಂತಕ್ಕೆ ಅಂಟುವ ಬೂದು ಕೆಸರು ಸ್ವಲ್ಪ ಇದ್ದರೆ ವಯೋಸಹಜ. ಉಗುರಿಗೆ ತಾಗುವ ಉಕ್ಕಿನ ಚೂರುಗಳಿದ್ದರೆ ಮಾತ್ರ ತಡ ಮಾಡಬಾರದು. ಯಾವುದೋ ಗಟ್ಟಿ ಎಣ್ಣೆ ಹಾಕಿದರೆ ಸದ್ದು ಅಡಗುತ್ತದೆ ಎಂಬ ನಂಬಿಕೆಯೂ ಇದೆ. ಡಿಫರೆನ್ಷಿಯಲ್ಲಿಗೆಂದು ಮಾಡಿದ ಕೆಲವು ಎಣ್ಣೆಗಳಲ್ಲಿನ ಗಂಧಕದ ಸಂಯುಕ್ತಗಳು ಹಿತ್ತಾಳೆಯನ್ನು ತಿನ್ನುತ್ತವೆ. ಜಾರು ಹೆಚ್ಚಾದರೆ ಬಳೆಗೆ ಹಿಡಿತವೂ ಸಿಗದು. ತಯಾರಕರ ಕೈಪಿಡಿ ಹೇಳಿದ ಎಣ್ಣೆಯೇ ಸರಿ. ಸದ್ದು ಅಡಗಿಸಲು ಪೆಟ್ಟಿಗೆಗೆ ಮರದ ಹೊಟ್ಟು ತುಂಬಿ ಕಾರು ಮಾರುವ ವಂಚನೆಯಂತೂ ಲೋಕಪ್ರಸಿದ್ಧ. ರೋಲ್ಡ್ ಡಾಲ್ 1988ರಲ್ಲಿ ಬರೆದ ಮಕ್ಕಳ ಕಾದಂಬರಿ ‘ಮಟಿಲ್ಡಾ’ದಲ್ಲಿ ನಾಯಕಿಯ ತಂದೆಯ ಕಸುಬೇ ಅದು.

ಇಷ್ಟೆಲ್ಲ ನೋಡಿದ ಮೇಲೂ ಬೆರಳು ಪೆಟ್ಟಿಗೆಯತ್ತಲೇ ತೋರಿದರೆ ಇಳಿಸಲೇಬೇಕು. ಮೇಜಿನ ಮೇಲೆ ಹಳೆಯ ಬಟ್ಟೆ ಹಾಸಿ ಬಿಚ್ಚುವ ಮೇಸ್ತ್ರಿಯನ್ನು ಕಂಡರೆ ಅರ್ಧ ಧೈರ್ಯ ಬರುತ್ತದೆ. ಬಟ್ಟೆ ಏಕೆಂದರೆ, ಲೇ ಶಾಫ್ಟಿನ ಒಳಗೆ ಸೂಜಿಯಂತಹ ರೋಲರುಗಳು ಸಾಲಾಗಿ ಬಿಡಿಬಿಡಿಯಾಗಿ ನಿಂತಿರುತ್ತವೆ. ಶಾಫ್ಟ್ ಎಳೆದೊಡನೆ ಅವು ಉದುರುತ್ತವೆ. ಎಣಿಸಿಡಬೇಕು; ಮರಳಿ ಜೋಡಿಸುವಾಗ ಗ್ರೀಸಿನಲ್ಲಿ ಒಂದೊಂದಾಗಿ ಅಂಟಿಸಬೇಕು. ಒಂದು ಕಡಿಮೆಯಾದರೂ ಅದು ಪೆಟ್ಟಿಗೆಯೊಳಗೇ ಎಲ್ಲೋ ಇದೆ ಎಂದರ್ಥ.

ಬಳೆ ಸವೆದಿದೆಯೇ ಎಂಬುದನ್ನು ಕಣ್ಣಳತೆಗೆ ಬಿಡಬಾರದು. ಬಳೆಯನ್ನು ಚಕ್ರದ ಶಂಕುವಿನ ಮೇಲೆ ಒತ್ತಿ ಹಿಡಿದು, ಎರಡರ ನಡುವಿನ ಸಂದನ್ನು ಫೀಲರ್ ಗೇಜಿನಿಂದ ಅಳೆಯಬೇಕು. ಸವೆದಷ್ಟೂ ಬಳೆ ಒಳಕ್ಕೆ ಕೂರುತ್ತದೆ, ಸಂದು ಕಿರಿದಾಗುತ್ತದೆ. ಬೇರಿಂಗು, ಸೀಲು, ಥ್ರಸ್ಟ್ ವಾಷರುಗಳನ್ನು ಇದೇ ಸಂದರ್ಭದಲ್ಲಿ ಹೊಸದಾಗಿ ಹಾಕುವುದು ಜಾಣತನ. ಮತ್ತೆ ಇಳಿಸುವ ಕೂಲಿ ಅವುಗಳ ಬೆಲೆಗಿಂತ ಹೆಚ್ಚು. ಹಲ್ಲು ಮುರಿದ ಚಕ್ರವನ್ನು ಬದಲಿಸುವುದಾದರೆ ಜೊತೆಯದನ್ನೂ ಬದಲಿಸಬೇಕು. ವರ್ಷಗಟ್ಟಲೆ ಒಟ್ಟಿಗೆ ಸವೆದ ಹಳೆಯ ಚಕ್ರದೊಡನೆ ಹೊಸದು ಹೊಂದಿಕೊಳ್ಳದೆ ಕೂಗುತ್ತದೆ.

ಬಿಡಿಭಾಗಗಳೇ ಈಗಿನ ನಿಜವಾದ ತಲೆನೋವು. ಬೆಂಗಳೂರಿನ ಜೆ.ಸಿ. ರಸ್ತೆಯಂತಹ ಪೇಟೆಗಳಲ್ಲಿ ಹುಡುಕಿದರೆ ಬಳೆ ಸಿಗಬಹುದು, ಆದರೆ ಸಿಕ್ಕ ಬಳೆ ಎಂಥದ್ದು ಎನ್ನುವುದು ಮುಖ್ಯ. ಒಳಗಿನ ಗೀರುಗಳು ಚೂಪಾಗಿವೆಯೇ, ಹಳೆಯ ಶಂಕುವಿನ ಮೇಲಿಟ್ಟು ತಿರುಚಿದರೆ ಕಚ್ಚಿ ಹಿಡಿಯುತ್ತದೆಯೇ ಎಂದು ಅಂಗಡಿಯಲ್ಲೇ ನೋಡಬೇಕು. ಅದಕ್ಕಾಗಿ ಹಳೆಯ ಚಕ್ರವನ್ನು ಚೀಲದಲ್ಲಿ ಹೊತ್ತುಕೊಂಡು ಹೋಗಲು ನಾಚಿಕೊಳ್ಳಬೇಕಾಗಿಲ್ಲ. ಇನ್ನೊಂದು ದಾರಿ ಗುಜರಿ ಸೇರಿದ ಎರಡು ಪೆಟ್ಟಿಗೆಗಳನ್ನು ಕೊಂಡು ಒಂದು ಒಳ್ಳೆಯದನ್ನು ಮಾಡಿಕೊಳ್ಳುವುದು. ಬಹಳಷ್ಟು ಹಳೆಯ ಕಾರುಗಳು ಇಂದು ಓಡುತ್ತಿರುವುದು ಹೀಗೆಯೇ.

ಜೋಡಿಸಿದ ಪೆಟ್ಟಿಗೆಯನ್ನು ಕಾರಿಗೆ ಏರಿಸುವ ಮೊದಲು ಮೇಜಿನ ಮೇಲೆಯೇ ದಂಡವನ್ನು ಕೈಯಿಂದ ತಿರುಗಿಸಿ, ಪ್ರತಿಯೊಂದು ಗೇರನ್ನೂ ಹಾಕಿ ತೆಗೆದು ನೋಡಬೇಕು. ಕೈಗೆ ತೊಡಕಾದದ್ದು ರಸ್ತೆಯಲ್ಲಿ ಸರಿಹೋಗುವುದಿಲ್ಲ. ಏರಿಸಿದ ಮೇಲೆ ಮೊದಲ ಕೆಲವು ನೂರು ಕಿಲೋಮೀಟರ್ ಅವಸರವಿಲ್ಲದೆ ಓಡಿಸಿ, ಎಣ್ಣೆ ಇಳಿಸಿ ಮತ್ತೊಮ್ಮೆ ಬಿಸಿಲಿಗೆ ಹಿಡಿಯಬೇಕು. ಹೊಸ ಬಳೆಗಳು ತಮ್ಮ ಶಂಕುಗಳಿಗೆ ಹೊಂದಿಕೊಳ್ಳುವಾಗ ಒಂದಿಷ್ಟು ಹಿತ್ತಾಳೆಯ ಪುಡಿ ಬಿಟ್ಟೇ ಬಿಡುತ್ತವೆ. ಆ ಎಣ್ಣೆಯನ್ನು ಚೆಲ್ಲಿ ಹೊಸದನ್ನು ತುಂಬಿ, ಎರಡನೆಯ ಸಲ ಇಳಿಸಿದಾಗ ಪುಡಿ ಕಾಣದಿದ್ದರೆ ಮೇಸ್ತ್ರಿಗೆ ಉಳಿದ ಬಾಕಿ ಕೊಡಬಹುದು.