ದಪ್ಪ ತಂತಿ ಕಿತ್ತುಹೋಗುವುದಿಲ್ಲವೇ?

ಪಾಂಡವಪುರದ ಪಿಯುಸಿ ಹುಡುಗನೊಬ್ಬ ಬರೆದಿದ್ದಾನೆ: ‘ಸರ್, ನನ್ನ ಎಲೆಕ್ಟ್ರಿಕ್ ಗಿಟಾರಿನ ಮೊದಲ ತಂತಿ ಪದೇಪದೇ ಕಿತ್ತುಹೋಗ್ತದೆ. ಒಂಬತ್ತರ ಸೆಟ್ ಬಿಟ್ಟು ಹತ್ತರದು ಹಾಕಿದ್ರೆ ನಿಲ್ತದಾ? ನಾಗಮಂಗಲದಲ್ಲಿ ಗಣೇಶನ ಆರ್ಕೆಸ್ಟ್ರಾ ನಡೀವಾಗ್ಲೇ ಹೋಯ್ತು. ಅಪಶಕುನ ಅಂತಾರೆ ಅಜ್ಜಿ.’

ಒಂಬತ್ತು, ಹತ್ತು ಎಂದರೆ ಮೊದಲ ತಂತಿಯ ದಪ್ಪ, ಇಂಚಿನ ಸಾವಿರದ ಲೆಕ್ಕದಲ್ಲಿ. ನಮ್ಮ ಅಳತೆಯಲ್ಲಿ 0.23 ಮತ್ತು 0.25 ಮಿ.ಮೀ. ಕಣ್ಣಿಗೆ ಎರಡೂ ಒಂದೇ. ಆದರೆ ತಂತಿಯುದ್ದ 25.5 ಇಂಚಿರುವ ಗಿಟಾರಿನಲ್ಲಿ ಅದೇ ಶ್ರುತಿ ಹಿಡಿಯಲು ಒಂಬತ್ತಕ್ಕೆ ಸುಮಾರು 6 ಕಿಲೋ ಎಳೆತ ಸಾಕು, ಹತ್ತಕ್ಕೆ 7.3 ಕಿಲೋ ಬೇಕು. ಹತ್ತರ ಸೆಟ್ಟಿನ ಆರೂ ತಂತಿ ಕೂಡಿದರೆ 47 ಕಿಲೋ ಆಸುಪಾಸು. ಆ ಸಣಕಲು ಮರದ ಕತ್ತು ಹಗಲೂ ರಾತ್ರಿ ಒಂದು ಸಿಮೆಂಟ್ ಮೂಟೆಯನ್ನೇ ಹೊತ್ತಂತೆ!

ನನಗೆ ಅತಿ ಸೋಜಿಗವೆನಿಸುವುದು ಮುಂದಿನ ಸಂಗತಿ. ಉದ್ದ ಅಷ್ಟೇ ಇಟ್ಟು ತಂತಿಯ ದಪ್ಪ ಎರಡು ಪಟ್ಟು ಮಾಡಿದಿರಿ ಅನ್ನಿ. ತೂಕ ನಾಲ್ಕು ಪಟ್ಟಾಗುತ್ತದೆ, ಅದೇ ಶ್ರುತಿಗೆ ಬೇಕಾದ ಎಳೆತವೂ ನಾಲ್ಕು ಪಟ್ಟು. ಆದರೆ ಎಳೆತ ತಡೆಯುವ ಉಕ್ಕೂ ನಾಲ್ಕು ಪಟ್ಟಾಗಿರುತ್ತದಲ್ಲ! ಉಕ್ಕಿನ ಕಣಕಣಕ್ಕೂ ಬೀಳುವ ಪಾಲು ಮೊದಲಿನಷ್ಟೇ. ಶ್ರುತಿ ಏರಿಸುತ್ತ ಹೋದರೆ ತಂತಿ ಎಲ್ಲಿ ತುಂಡಾಗುತ್ತದೆ ಎಂಬುದು ಅದರ ಉದ್ದ ಮತ್ತು ಉಕ್ಕಿನ ಕಸುವಿಗೆ ಬಿಟ್ಟದ್ದು, ದಪ್ಪಕ್ಕಲ್ಲ. ಜೋರಾಗಿ ಮೀಟುವ ಕೈಯ ಹೊಡೆತವನ್ನು ದಪ್ಪ ತಂತಿ ಕೊಂಚ ಹೆಚ್ಚು ತಾಳೀತು, ಅಷ್ಟೇ.

ಉಕ್ಕಿನ ಕಸುವು ಎಂದಾಗ ಚನ್ನಪಟ್ಟಣ ನೆನಪಾಗುತ್ತದೆ. ಶ್ರೀರಂಗಪಟ್ಟಣದಿಂದ ಬೆಂಗಳೂರಿಗೆ ಹೋಗುವಾಗ ನಾವು ಗೊಂಬೆ ಕೊಳ್ಳಲು ಇಳಿಯುವ ಊರು. ಟಿಪ್ಪು ಮಡಿದ ಮರುವರ್ಷ, 1800ರಲ್ಲಿ, ಈ ಸೀಮೆ ಸುತ್ತಿದ ಫ್ರಾನ್ಸಿಸ್ ಬುಕಾನನ್ ಅಲ್ಲಿ ವಾದ್ಯಗಳಿಗೆಂದೇ ಉಕ್ಕಿನ ತಂತಿ ಎಳೆಯುತ್ತಿದ್ದುದನ್ನು ಬರೆದಿಟ್ಟಿದ್ದಾನೆ. ಆ ತಂತಿ ಭಾರತದ ಮೂಲೆಮೂಲೆಗೂ ಹೋಗುತ್ತಿತ್ತು. ಉಕ್ಕನ್ನು ಕಿರಿದಾಗುತ್ತ ಹೋಗುವ ತೂತುಗಳಲ್ಲಿ ಎಳೆದಷ್ಟೂ ಅದು ಗಟ್ಟಿಯಾಗುತ್ತದೆ. ಗಿಟಾರ್ ತಂತಿಯನ್ನು ಇಂದಿಗೂ ಎಳೆದೇ ಮಾಡುತ್ತಾರೆ.

ಹಾಗಾದರೆ ಹುಡುಗನ ತಂತಿ ಹೋಗುತ್ತಿರುವುದೇಕೆ? ಕೆ.ಆರ್. ಪೇಟೆಯ ಆರ್ಕೆಸ್ಟ್ರಾವೊಂದರಲ್ಲಿ ವೇದಿಕೆಯ ಪಕ್ಕದಲ್ಲೇ ನಿಂತು ನೋಡಿದ್ದೇನೆ: ಕೈಯ ಬೆವರು, ಮೇಲೆ ಇಬ್ಬನಿ. ಇನ್ನು ತುಕ್ಕು ಹಿಡಿಯದೆ ಏನು? ಬ್ರಿಜ್ಜಿನ ಮೇಲೆ ತಂತಿ ಕೂರುವ ಅಂಚು ಹರಿತವಾಗಿದ್ದರಂತೂ ಅದು ಗರಗಸವೇ. ಇದರಲ್ಲಿ ಶಕುನವೂ ಇಲ್ಲ, ದೃಷ್ಟಿಯೂ ಇಲ್ಲ. ನಿಂಬೆಹಣ್ಣು ಕಟ್ಟುವ ಬದಲು ಒಣಬಟ್ಟೆಯಿಂದ ಒರೆಸಿ.

‘ಬೆರಳಲ್ಲಿ ರಕ್ತ ಬಂದರೇ ವಿದ್ಯೆ’ ಎಂದು ಮಕ್ಕಳಿಗೆ ದಪ್ಪ ತಂತಿ ಹಾಕಿಸುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಗಿಟಾರ್ ದಿಗ್ಗಜರನ್ನೇ ನೋಡಿ: ಸ್ಟೀವಿ ರೇ ವಾನ್ ಹದಿಮೂರರ ತಂತಿ ನುಡಿಸಿದ, ನಿಜ. ಬಿಲ್ಲಿ ಗಿಬ್ಬನ್ಸ್ ಏಳರದರಲ್ಲೇ ಗುಡುಗುತ್ತಾನೆ. ಕಾರ್ಖಾನೆಯ ಅಪಘಾತದಲ್ಲಿ ಎರಡು ಬೆರಳ ತುದಿ ಕಳೆದುಕೊಂಡ ಟೋನಿ ಅಯೋಮಿ ಬ್ಯಾಂಜೋದ ಸಪೂರ ತಂತಿ ಕಟ್ಟಿಕೊಂಡು ಹೆವಿ ಮೆಟಲ್‌ಗೆ ಬುನಾದಿ ಹಾಕಿದ. ವೈಣಿಕರು ಮೆಟ್ಟಿಲ ಮೇಲೆ ತಂತಿ ಎಳೆದು ಗಮಕ ತೆಗೆಯುವಂತೆ ನುಡಿಸುವ ಆಸೆಯಿದ್ದರೆ ಒಂಬತ್ತೇ ಹಿತ.

ಸದ್ಯಕ್ಕೆ ಸೆಟ್ ಬದಲಿಸಬೇಡಪ್ಪ. ಕಿತ್ತ ತುಂಡುಗಳನ್ನು ಎತ್ತಿಟ್ಟು ಅಳೆದು ನೋಡು. ಎಲ್ಲವೂ ಬ್ರಿಜ್ಜಿನ ಹತ್ತಿರವೇ ತುಂಡಾಗಿದ್ದರೆ ಆ ಅಂಚನ್ನು ನಯವಾದ ಮರಳು ಕಾಗದದಿಂದ ಉಜ್ಜು, ಅಜ್ಜಿಯನ್ನೂ ಪಕ್ಕ ಕೂರಿಸಿಕೊಂಡು.